ಎಡಗಣ್ಣಿನ ಎಣಿಕೆ

ಮಾರ್ಚ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ, ನನ್ನ ಪಿಟೀಲು,

ಇಲ್ಲಿ ನಾನೂ ಅಪ್ಪನೂ ಗಟ್ಟಿಯಾಗಿದ್ದೇವೆ. ನೀನೂ ಹೊತ್ತಿಗೆ ಸರಿಯಾಗಿ ಉಂಡು, ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದೀಯ ಎಂದು ನಂಬಿಕೊಂಡು ಈ ಕಾಗದ ಶುರುಮಾಡುತ್ತೇನೆ. ನಿನ್ನ ಕಾಗದ ಬಂದು ಆರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕೆಲಸ ಜಾಸ್ತಿಯಿತ್ತು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಾನು ಸುಳ್ಳು ಹೇಳಿದರೆ ಮೂರನೇ ಮಾತಿಗೇ ನಿನಗೆ ಗೊತ್ತಾಗುತ್ತದೆ. ಮೊದಲ ಐದು ವಾರ ಬರೀ ಸೋಮಾರಿತನ. ಈ ವಾರ ಮಾತ್ರ ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದುಹೋಗಿ ಪಾತ್ರೆ ತೊಳೆದೆ. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುವುದನ್ನು ಕಂಡು ಅಪ್ಪ, ಇನ್ನೊಂದು ಸಲ ಉಜ್ಜಿದರೆ ತೂತು ಬೀಳುತ್ತದೆ ಎಂದರು.

ಅಪ್ಪನ ಮೊಣಕಾಲು ಹೋದ ತಿಂಗಳಿಗಿಂತ ಪರವಾಗಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಇಡೀ ಕಟ್ಟಡಕ್ಕೆ ಕೇಳಿಸುವ ಹಾಗೆ ನರಳುತ್ತಾರೆ, ಹತ್ತುವಾಗ ಸದ್ದೇ ಇಲ್ಲ. ಮೇಲಿನ ಮನೆಯ ದರ್ಜಿ ಹೊಸ ಯಂತ್ರ ತಂದಿದ್ದಾರೆ. ಅದು ಓಡಿದಾಗಲೆಲ್ಲ ನಮ್ಮ ಕಪಾಟಿನ ಲೋಟಗಳು ನಡುಗುತ್ತವೆ. ಅಪ್ಪನ ಬೈಂಡಿಂಗ್ ಅಂಗಡಿಯಲ್ಲಿ ಈಗ ಪರೀಕ್ಷೆಯ ಕಾಲದ ಗಡಿಬಿಡಿ, ಹಾಗಾಗಿ ಕೆಲವು ಪುಸ್ತಕಗಳನ್ನು ಮನೆಗೂ ತಂದು ಊಟದ ಮೇಜಿನ ಮೇಲೆ ಹರಡಿ ಅಂಟು ಹಚ್ಚುತ್ತಾರೆ. ನಾವು ಸ್ಟೂಲಿನ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೇವೆ.

ನಿನ್ನ ಸಂಶೋಧನೆಯ ಲೇಖನ ಅಚ್ಚಾದ ಆ ಪುಟಗಳನ್ನು ಅವರು ನೀಲಿ ಬಟ್ಟೆಯ ರಟ್ಟು ಹಾಕಿ ಕಟ್ಟಿಟ್ಟಿದ್ದಾರೆ. ಒಂಬತ್ತು ಪುಟಕ್ಕೆ ಅಷ್ಟು ದಪ್ಪ ರಟ್ಟು ಯಾರೂ ಹಾಕುವುದಿಲ್ಲ. ಬಂದವರಿಗೆಲ್ಲ ತೋರಿಸುತ್ತಾರೆ. ಮೊನ್ನೆ ಒಬ್ಬರು ಶಾಲೆಯ ಮೇಡಂ ಮನೆಗೇ ಬಂದಿದ್ದರು, ಅದರಲ್ಲಿ ಏನಿದೆ ಎಂದು ಕೇಳಿದರು. ಅಷ್ಟು ಸಾಕಾಯಿತು. ನೀನು ಚಿಕ್ಕವಳಿದ್ದಾಗ ನಾನು ನಿನಗೆ ಹೇಳುತ್ತಿದ್ದುದನ್ನೆಲ್ಲ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದಾರಲ್ಲ, ಅದನ್ನೇ ಒಪ್ಪಿಸಿದರು. ಮೈಯನ್ನು ರೋಗದಿಂದ ಕಾಯುವ ಟಿ ಜೀವಕೋಶಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟುತ್ತವೆ, ಅಲ್ಲಿಂದ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ಶಾಲೆಗೆ ಹೋಗುತ್ತವೆ. ಅಲ್ಲಿ ಎರಡು ಪರೀಕ್ಷೆ. ಮೊದಲನೆಯದು, ನಿನಗೆ ಏನನ್ನಾದರೂ ಗುರುತು ಹಿಡಿಯಲು ಬರುತ್ತದೆಯೇ. ಎರಡನೆಯದು, ನಿನ್ನ ಸ್ವಂತ ಮೈಯನ್ನೇ ಕಚ್ಚುತ್ತೀಯೇ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಅಲ್ಲೇ ಸಾಯುತ್ತವೆ. ಪಾಸಾದವು ರಕ್ತದಲ್ಲಿ, ಕುತ್ತಿಗೆ ಕಂಕುಳಿನ ದುಗ್ಧಗ್ರಂಥಿಗಳಲ್ಲಿ ಗಸ್ತು ತಿರುಗುತ್ತವೆ. ಮರಳುನೊಣ ಕಚ್ಚಿ ಪರೋಪಜೀವಿ ಚರ್ಮದೊಳಕ್ಕೆ ಇಳಿದರೆ ಆ ಗ್ರಂಥಿಗಳಿಗೆ ಸುದ್ದಿ ಮುಟ್ಟುತ್ತದೆ, ಸರಿಯಾದವು ಅಲ್ಲಿ ಸಾವಿರಗಟ್ಟಲೆ ಹೆಚ್ಚಿಕೊಂಡು ಕಚ್ಚಿದ ಜಾಗಕ್ಕೆ ಓಡುತ್ತವೆ.

ಸ್ವಂತ ಮೈಯನ್ನು ಕಚ್ಚುವವು ಒಂದೂ ಬಿಡದೆ ಸಾಯುತ್ತವೆಯೇ ಎಂದು ಆ ಮೇಡಂ ಕೇಳಿದರು. ಅಪ್ಪನಿಗೆ ಗೊತ್ತಿರಲಿಲ್ಲ, ಅಡುಗೆಮನೆಯ ಕಡೆ ನೋಡಿದರು. ಒಂದೆರಡು ತಪ್ಪಿಸಿಕೊಂಡು ಹೊರಗೆ ಬರುತ್ತವೆ ಎಂದು ನಾನು ಅಲ್ಲಿಂದಲೇ ಹೇಳಿದೆ. ಅಪ್ಪನಿಗೆ ಇನ್ನೂ ಏನೂ ತಿಳಿದಿಲ್ಲ. ಅವರಿಗೆ ಹೇಗೆ ಹೇಳುವುದೆಂದು ನನಗೂ ತಿಳಿದಿಲ್ಲ.

ಸುತ್ತಿ ಬಳಸಿದ್ದು ಸಾಕು. ಹೋದ ಸೋಮವಾರ ನಮ್ಮ ಪ್ರಯೋಗಾಲಯದ ಎಣಿಕೆ ಕೋಣೆಗೆ, ನನ್ನ ಸೂಕ್ಷ್ಮದರ್ಶಕದ ಹತ್ತಿರಕ್ಕೇ ಒಬ್ಬ ಹಿರಿಯರು ಬಂದರು. ನಿನ್ನ ಲೇಖನದ ಬಗ್ಗೆ ವಿಚಾರಣೆ ಮಾಡಲು ನಿನ್ನ ಸಂಸ್ಥೆಯವರೇ ಹೊರಗಿನಿಂದ ಕರೆಸಿದವರು. ತೆಳ್ಳಗಿನ ಮನುಷ್ಯ, ಪ್ರತಿ ಮಾತಿಗೂ ಮುಂಚೆ ಸಣ್ಣಗೆ ಕೆಮ್ಮುತ್ತಾರೆ. ವಿಚಾರಣೆ ನಡೆಯುತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬೇರೆ ಎರಡು ಕಡೆಯವರು ನಿನ್ನ ಪ್ರಯೋಗವನ್ನೇ ಮಾಡಿ ನೋಡಿದರಂತೆ, ನಿನಗೆ ಬಂದ ಉತ್ತರ ಅವರಿಗೆ ಬರಲಿಲ್ಲವಂತೆ. ನೀನು ಆರು ವಾರದ ಹಿಂದೆ ಬರೆದ ಕಾಗದದಲ್ಲಿ ಹೊಸ ಪರದೆ ಕೊಂಡ ಸುದ್ದಿ ಒಂದು ಪುಟ ಇತ್ತು, ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವರು ಕೂತರು, ಕೆಮ್ಮಿದರು, ಮೊದಲನೇ ಪ್ರಶ್ನೆ ಕೇಳಿದರು.

"ನಿಮ್ಮ ಬಲಗಣ್ಣು ಈಗ ಹೇಗಿದೆ ಮೇಡಂ?"

ಬಲಗಣ್ಣಿಗೆ ಪೊರೆ ಬರುತ್ತಿದೆ ಎಂಬುದು ಈ ಲೋಕದಲ್ಲಿ ಮೂವರಿಗೆ ಗೊತ್ತು: ಕಣ್ಣಿನ ಡಾಕ್ಟರಿಗೆ, ನನಗೆ, ನಿನಗೆ. ಅಪ್ಪನಿಗೂ ಹೇಳಿಲ್ಲ, ಹೇಳಿದರೆ ನನಗೆ ಒಲೆ ಹಚ್ಚಲೂ ಬಿಡುವುದಿಲ್ಲ ಎಂದು. ಕಳೆದ ವರ್ಷ ನೀನು ಬಂದಾಗ, ಪಾತ್ರೆ ಒರೆಸುತ್ತ ನಿನಗೊಬ್ಬಳಿಗೇ ಹೇಳಿದೆ. ನಿವೃತ್ತಿಗೆ ಇನ್ನು ಒಂದೂವರೆ ವರ್ಷ, ಅಲ್ಲಿಯವರೆಗೆ ಇದು ನಮ್ಮಿಬ್ಬರಲ್ಲೇ ಇರಲಿ ಎಂದು ಬೇಡಿಕೊಂಡೆ. ನೀನು ಒದ್ದೆ ಕೈಯಿಂದಲೇ ನನ್ನ ಬಲಗಣ್ಣು ಮುಚ್ಚಿ, ಎಡಗಣ್ಣಲ್ಲಿ ಗೋಡೆಯ ಕ್ಯಾಲೆಂಡರು ಓದು ಎಂದೆ. ತಾರೀಕು ಓದಿದೆ. ಕೆಳಗೆ ಅಚ್ಚು ಹಾಕಿದವರ ವಿಳಾಸ ಇತ್ತಲ್ಲ, ಇರುವೆ ಸಾಲಿನಷ್ಟು ಸಣ್ಣದು, ಅದನ್ನೂ ಓದಿದೆ. ನಿನಗೇ ಅದು ಕಾಣುತ್ತಿರಲಿಲ್ಲ, ನೀನು ಹತ್ತಿರ ಹೋಗಿ ನೋಡಿ ಬಂದು ಬಿದ್ದು ಬಿದ್ದು ನಕ್ಕೆ. ನನ್ನ ಎಡಗಣ್ಣು ಎಷ್ಟು ಚುರುಕು ಎಂಬುದನ್ನು ಪರೀಕ್ಷೆ ಮಾಡಿ ತಿಳಿದುಕೊಂಡವಳು ನೀನೇ.

ವಿಚಾರಣೆಗೆ ನೀನು ಬರೆದುಕೊಟ್ಟ ಉತ್ತರವನ್ನು ಆ ಹಿರಿಯರು ಓದಿ ಹೇಳಿದರು. ಎಣಿಕೆ ಮಾಡಿದ ಸಹಾಯಕಿಗೆ ವಯಸ್ಸಾಗಿದೆ, ಬಲಗಣ್ಣಿಗೆ ಪೊರೆ ಬಂದಿದೆ, ಅದನ್ನು ಮೇಲಿನವರಿಂದ ಮುಚ್ಚಿಟ್ಟಿದ್ದಾರೆ, ಆದ್ದರಿಂದ ಅನೇಕ ಜೀವಕೋಶಗಳು ಅವರ ಕಣ್ಣಿಗೆ ಬಿದ್ದಿಲ್ಲ; ಒಂಬತ್ತು ಸ್ಲೈಡುಗಳನ್ನು ನಾನೇ ಮತ್ತೆ ಎಣಿಸಿ ಸರಿಪಡಿಸಿದ್ದೇನೆ ಎಂದು ನೀನು ಬರೆದಿದ್ದೆ. ಭಾಷೆ ಚೊಕ್ಕವಾಗಿತ್ತು. ನಿನಗೆ ಮೊದಲಿನಿಂದಲೂ ಅದು ಒಲಿದಿದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬರೆದರೆ ನನ್ನ ತಲೆ ತಿಳಿಯಾಗುತ್ತದೆ. ಒಮ್ಮೆ ಸೋಂಕು ವಾಸಿಯಾದ ಮೇಲೂ ಟಿ ಜೀವಕೋಶಗಳಲ್ಲಿ ಕೆಲವು ಚರ್ಮದಲ್ಲೇ ಮನೆಮಾಡಿಕೊಂಡು ಉಳಿಯುತ್ತವೆ. ಎರಡನೇ ಸಲ ನೊಣ ಕಚ್ಚಿದರೆ ಗ್ರಂಥಿಗಳಿಂದ ಬೇರೆ ದಂಡು ಬರಬೇಕಾಗಿಯೇ ಇಲ್ಲ, ಅಲ್ಲಿರುವವೇ ಸಾಕು ಎಂಬುದು ನಿನ್ನ ವಾದ. ಅದಕ್ಕೇ ನೀನು ಅರ್ಧ ಇಲಿಗಳಿಗೆ ಗ್ರಂಥಿಗಳ ಬಾಗಿಲು ಮುಚ್ಚುವ ಔಷಧಿ ಕೊಟ್ಟೆ. ಹೊಸಬರು ಹೊರಗೆ ಬರುವಂತಿಲ್ಲ, ಆಗ ಚರ್ಮದಲ್ಲಿ ಎಷ್ಟು ಕಂಡರೂ ಅವು ಅಲ್ಲಿನವೇ. ಇಲಿಗಳ ಕಿವಿಯ ಚರ್ಮದ ತೆಳು ಪದರಗಳು ನಲವತ್ತೆಂಟು ಸ್ಲೈಡುಗಳಾಗಿ ನನ್ನ ಮೇಜಿಗೆ ಬಂದವು. ನಮ್ಮ ಕೋಣೆಯ ಕಟ್ಟಳೆಯಂತೆ ಅವುಗಳ ಮೇಲೆ ಬರೀ ನಂಬರು. ಯಾವುದಕ್ಕೆ ಔಷಧಿ ಕೊಟ್ಟಿದೆ ಎಂಬ ಪಟ್ಟಿ ಅರಗು ಹಾಕಿದ ಲಕೋಟೆಯಲ್ಲಿ ನಿನ್ನ ಬಳಿ. ನಾನು ಸೂಕ್ಷ್ಮದರ್ಶಕದ ಬಲಗಡೆಯ ಗಾಜಿಗೆ ಕಪ್ಪು ಕಾಗದ ಅಂಟಿಸಿ, ಎಡಗಣ್ಣಲ್ಲಿ ಪ್ರತಿಯೊಂದನ್ನೂ ಒಂದು ದಿನ ಬಿಟ್ಟು ಎರಡು ಸಲ ಎಣಿಸಿದೆ. ಎರಡಕ್ಕೂ ವ್ಯತ್ಯಾಸ ಬಂದಲ್ಲಿ ಮೂರನೇ ಸಲ. ಬಣ್ಣ ಹಾಕಿದ ಮೇಲೆ ಆ ಕೋಶಗಳೆಲ್ಲ ಕಂದು ಚುಕ್ಕೆಗಳು, ಅಡಗಿ ಕೂರುವಂಥವಲ್ಲ. ಆ ಪಟ್ಟಿ ನಿನಗೆ ಕಳಿಸಿದೆ. ಲೇಖನ ಅಚ್ಚಾಗಿ ಬಂದಾಗ ನನ್ನ ಪುಸ್ತಕ ತೆಗೆದು ತಾಳೆ ನೋಡಲಿಲ್ಲ. ನಿನ್ನ ಕೆಲಸವನ್ನು ತಾಳೆ ನೋಡಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಹಿರಿಯರು ಆ ಒಂಬತ್ತರಲ್ಲಿ ಒಂದಾದ ಇಪ್ಪತ್ತೆರಡನೇ ನಂಬರು ತೋರಿಸಿದರು, ಔಷಧಿ ಕೊಟ್ಟ ಇಲಿಯದು. ನನ್ನ ಪುಸ್ತಕದಲ್ಲಿ ಏಳು, ನಿನ್ನದರಲ್ಲಿ ಮೂವತ್ತೊಂದು. ಅವರು ಜಾಣರು, ವಾದಕ್ಕೆ ಇಳಿಯಲಿಲ್ಲ. ನಾನು ಹಿಂದೆ ಎಣಿಸಿದ್ದವುಗಳಲ್ಲೇ, ನಿನ್ನವೂ ಬೇರೆಯವರವೂ ಬೆರೆಸಿ, ಹೊಸ ಚೀಟಿ ಅಂಟಿಸಿದ ಹನ್ನೆರಡು ಸ್ಲೈಡು ಮುಂದಿಟ್ಟು, ತಮ್ಮೆದುರಿಗೇ ಎಣಿಸಿ ಎಂದರು. ಕಪ್ಪು ಕಾಗದದ ವಿಷಯ ನಾನೇ ಹೇಳಿದೆ. ಬರೆದುಕೊಂಡರು.

ನಾಲ್ಕನೆಯದನ್ನು ಇಟ್ಟ ತಕ್ಷಣ ಅದು ನಿನ್ನದು ಎಂದು ಗೊತ್ತಾಯಿತು. ಚರ್ಮದ ಪದರದ ಅಂಚು ಎಡಕ್ಕೆ ಎಳೆದುಕೊಂಡಿತ್ತು. ಕತ್ತರಿಸುವಾಗ ನಿನ್ನ ಕೈ ಯಾವಾಗಲೂ ಎಡಕ್ಕೆ ಎಳೆಯುತ್ತದೆ, ತರಕಾರಿ ಹೆಚ್ಚುವಾಗಲೂ ಹಾಗೇ. ಹೆಬ್ಬೆರಳಿನ ಕೆಳಗೆ ಎಣಿಕೆಯ ಗುಂಡಿ ಇತ್ತು. ಏಳು ಸಲ ಒತ್ತಿದ್ದೆ. ಇನ್ನೂ ಇಪ್ಪತ್ತು ಇಪ್ಪತ್ತೈದು ಸಲ ಒತ್ತಿದ್ದರೆ ಹಳೆಯ ಎಣಿಕೆಯೇ ತಪ್ಪು ಎಂದಾಗುತ್ತಿತ್ತು, ಮುದುಕಿಗೆ ಕಣ್ಣು ಕಾಣುವುದಿಲ್ಲ ಎಂದು ಮೂರು ದಿನ ಆಡಿಕೊಂಡು ಸುಮ್ಮನಾಗುತ್ತಿದ್ದರು, ನೀನು ಬಚಾವಾಗುತ್ತಿದ್ದೆ. ಹೆತ್ತವಳಿಗೆ ಅದೇನು ದೊಡ್ಡದು ಎಂದು ನೀನು ಕೇಳಬಹುದು. ದೊಡ್ಡದಲ್ಲ. ಬೆರಳು ಗುಂಡಿಯ ಮೇಲೆ ಎಷ್ಟು ಹೊತ್ತು ನಿಂತಿತ್ತು ಎಂದರೆ ಹಿರಿಯರು ಎರಡು ಸಲ ಕೆಮ್ಮಿದರು.

ಒತ್ತಲಿಲ್ಲ. ನಿನ್ನ ಮೇಲಿನ ಹಟಕ್ಕಲ್ಲ. ಆ ನೊಣ ಕಚ್ಚಿ ಮುಖದ ಮೇಲೆ ವರ್ಷಗಟ್ಟಲೆ ವಾಸಿಯಾಗದ ಹುಣ್ಣು ಇಟ್ಟುಕೊಂಡು ಬದುಕುವವರಿದ್ದಾರೆ. ನಿನ್ನ ಸಂಖ್ಯೆಗಳನ್ನು ನಂಬಿಕೊಂಡು ಒಬ್ಬರು ಲಸಿಕೆ ಮಾಡಲು ಹೊರಟಿದ್ದಾರೆ ಎಂದು ಹೆಮ್ಮೆಯಿಂದ ಬರೆದಿದ್ದವಳು ನೀನೇ. ಇಲ್ಲದ ಕಾವಲನ್ನು ಇದೆ ಎಂದು ಅವರಿಗೆ ಹೇಗೆ ಹೇಳಲಿ. ಏಳು ಎಂಬುದೂ ಒಂದು ಉತ್ತರವೇ ಆಗಿತ್ತಲ್ಲ ಮಗಳೇ. ಚರ್ಮದಲ್ಲಿ ಉಳಿದವು ಸಾಲವು, ಗ್ರಂಥಿಗಳಿಂದ ದಂಡು ಬರಲೇಬೇಕು ಎಂದು ಇದ್ದದ್ದನ್ನು ಇದ್ದಹಾಗೆ ಬರೆದಿದ್ದರೆ ಅಪ್ಪ ಅದನ್ನೂ ನೀಲಿ ಬಟ್ಟೆಯಲ್ಲಿ ಕಟ್ಟುತ್ತಿದ್ದರು.

ಎರಡು ದಿನದಲ್ಲಿ ಹನ್ನೆರಡೂ ಮುಗಿದವು. ಹಿರಿಯರು ನನ್ನ ಹಳೆಯ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರು. ಎಲ್ಲೂ ಎರಡಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲ. "ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಮೇಡಂ" ಎಂದರು. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಕೆಲಸವನ್ನು ಯಾರೂ ಅಷ್ಟು ನೇರವಾಗಿ ಹೊಗಳಿರಲಿಲ್ಲ. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಸಂಖ್ಯೆ ತಿದ್ದಿದ್ದನ್ನು ಹೇಗಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ನಾಲ್ಕು ವರ್ಷ ದುಡಿದು ಏನೂ ಸಿಗದಿದ್ದರೆ ಮನಸ್ಸು ಎಡವುತ್ತದೆ, ಇಂಥದ್ದನ್ನು ಬೇರೆಯವರಲ್ಲೂ ಕಂಡಿದ್ದೇನೆ. ಆದರೆ ನಾನು ಕೈಮುಗಿದು ಕೊಟ್ಟ ಗುಟ್ಟನ್ನೇ ಎತ್ತಿಕೊಂಡು ನನ್ನ ಮೇಲೆ ಬೀಸಿದೆಯಲ್ಲ, ಅದು ಎಡವಿದ್ದಲ್ಲ. ಅದನ್ನು ಕೂತು, ಯೋಚಿಸಿ, ಒಳ್ಳೆಯ ಪದ ಆರಿಸಿ ಬರೆದಿದ್ದೀಯ.

ವರದಿ ಹೊರಡಲು ಇನ್ನು ಹತ್ತು ದಿನವಿದೆ ಎಂದು ಅವರು ಹೇಳಿದ್ದಾರೆ. ಅಷ್ಟರೊಳಗೆ ನೀನೇ ನಿನ್ನ ಮೇಲಿನವರಿಗೆ ಇದ್ದದ್ದನ್ನು ಬರೆದುಕೊಡು. ಲೇಖನವನ್ನು ನೀನೇ ಹಿಂದಕ್ಕೆ ತೆಗೆದುಕೋ. ಕೆಲಸ ಹೋಗಬಹುದು. ಹೋದರೆ ಮನೆಗೆ ಬಾ, ಅಪ್ಪನ ಅಂಟಿನ ಡಬ್ಬಿಗಳನ್ನು ಸರಿಸಿದರೆ ನಿನ್ನ ಕೋಣೆ ಹಾಗೇ ಇದೆ. ಅಪ್ಪನಿಗೆ ಮಾತ್ರ ನೀನೇ ಬಾಯಿಬಿಟ್ಟು ಹೇಳಬೇಕು. ಆ ನೀಲಿ ರಟ್ಟನ್ನು ಅವರ ಕೈಯಿಂದ ಕಸಿಯುವ ಕೆಲಸ ನನ್ನಿಂದ ಆಗದು.

ಮಂಡಿಯ ಮೇಲೆ ಕಾಗದವಿಟ್ಟು ಬರೆದು ಸೊಂಟ ಹಿಡಿದುಕೊಂಡಿದೆ. ನಿನಗೆ ಒಳ್ಳೆಯದಾಗಲಿ, ಧೈರ್ಯ ಬರಲಿ, ಬೇಗ ಬರಲಿ. ಬೆಚ್ಚಗಿರು.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ವಿಚಾರಣೆಗೆ ಒಂದು ಫಾರ್ಮು ಇದೆಯಲ್ಲ, ನೀನು ತುಂಬಿದ್ದನ್ನು ಆ ಹಿರಿಯರು ಮೇಜಿನ ಮೇಲೆ ಬಿಟ್ಟು ನೀರು ಕುಡಿಯಲು ಹೋಗಿದ್ದರು. ಹನ್ನೊಂದನೇ ಪ್ರಶ್ನೆ: ಈ ವಿಷಯದಲ್ಲಿ ಭಾಗಿಯಾದ ಬೇರೆ ಯಾರೊಂದಿಗಾದರೂ ನಿಮಗೆ ರಕ್ತಸಂಬಂಧವಿದೆಯೇ? ನೀನು "ಇಲ್ಲ" ಎಂದು ಬರೆದಿದ್ದೆ. ಕೆಳಗೆ ಒಂದು ಗೆರೆಯನ್ನೂ ಎಳೆದಿದ್ದೆ. ಗುರುವಾರ ಹೊರಡುವ ಮುಂಚೆ ಅವರು ಅದೇ ಫಾರ್ಮು ನನಗೂ ಕೊಟ್ಟರು. ಹೌದು ಎಂದು ಬರೆದಿದ್ದರೆ ನಿನ್ನ ಇನ್ನೊಂದು ಸುಳ್ಳೂ ಅಲ್ಲೇ ಸಿಕ್ಕಿಬೀಳುತ್ತಿತ್ತು. ಹಾಗಾಗಿ ನಾನೂ "ಇಲ್ಲ" ಎಂದೇ ಬರೆದೆ. ನಿನ್ನನ್ನು ಉಳಿಸಲು ಒಂದು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ಪೆನ್ನು ಊರಿದ್ದು. ಬರೆದು ಮುಗಿಸಿ ನೋಡಿದಾಗ ಅದು ಸುಳ್ಳು ಅನ್ನಿಸಲಿಲ್ಲ. ಅಂದಿನಿಂದ ಪಾತ್ರೆ ತೊಳೆಯುತ್ತಿದ್ದೇನೆ.