ಎಂಬತ್ತರಾಚೆ ತಪ್ಪಿದ ಲೆಕ್ಕ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಸಂಜೆ

ನನ್ನ ಪ್ರೀತಿಯ ಗುಬ್ಬಿಗೆ,

ಹೇಗಿದ್ದೀಯ? ಮೊದಲು ಕೆಮ್ಮಿನ ವಿಚಾರ ಬರೆ. ಫೋನಿನಲ್ಲಿ ಕೇಳಿದರೆ 'ಪರವಾಗಿಲ್ಲ ರೀ' ಅನ್ನುತ್ತೀಯ, ಆ ಒಂದು ಮಾತು ಮುಗಿಯುವಷ್ಟರಲ್ಲಿ ಎರಡು ಸಲ ಕೆಮ್ಮಿರುತ್ತೀಯ. ಬಾಡಿಗೆ ಕೋಣೆಯ ಕಿಟಕಿಗೆ ಮನೆಯಾಕೆ ಚಿಲಕ ಹಾಕಿಸಿಕೊಟ್ಟರೋ, ಇನ್ನೂ ರಟ್ಟು ಅಡ್ಡ ಇಟ್ಟುಕೊಂಡೇ ಮಲಗುತ್ತಿದ್ದೀಯೋ? ಹೊಸ ಅಂಚೆ ಕೇಂದ್ರದಲ್ಲಿ ಇಡೀ ದಿನ ನಿಂತುಕೊಂಡೇ ಕಾಗದ ವಿಂಗಡಿಸಬೇಕು ಎಂದಿದ್ದೆ. ಮಧ್ಯೆ ಮಧ್ಯೆ ಕೂತುಕೋ, ಯಾರೇನೂ ಅನ್ನುವುದಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳು ಕಾಲೇಜಿಗೆ ನಿನ್ನ ನೀಲಿ ಸ್ವೆಟರನ್ನೇ ಹಾಕಿಕೊಂಡು ಹೋಗುತ್ತಾಳೆ. ಕೇಳಿದರೆ ತನ್ನದನ್ನು ಒಗೆಯಲು ಹಾಕಿದ್ದೇನೆ ಎನ್ನುತ್ತಾಳೆ. ಎರಡು ತಿಂಗಳಿಂದ ಅದು ಒಗೆಯುವುದರಲ್ಲೇ ಇದೆ. ಕನ್ನಡಕದ ಅಂಗಡಿಯಲ್ಲಿ ನನಗೆ ಕೈತುಂಬ ಕೆಲಸ. ಕತ್ತು ಮಾತ್ರ ಎಡಕ್ಕೆ ತಿರುಗುತ್ತಿಲ್ಲ. ಮಸೂರ ಉಜ್ಜುವ ಯಂತ್ರದ ಮೇಲೆ ಬಗ್ಗಿ ಬಗ್ಗಿ ಹೀಗಾಯಿತು ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಪೂಲ್ ಆಟದ ಮೇಜಿನ ಮೇಲೆ ಕೋಲು ಹಿಡಿದು ಬಗ್ಗಿ ಹೀಗಾದದ್ದು. ಮೂರು ತಿಂಗಳಿಂದ ದಿನವೂ ಅಂಗಡಿ ಮುಚ್ಚಿದ ಮೇಲೆ ಎರಡು ಗಂಟೆ ಅಲ್ಲೇ ಇರುತ್ತೇನೆ. ಏಕೆಂದು ಬರೆಯಲೆಂದೇ ಈ ಕಾಗದ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ನಾಲಿಗೆ ಹೊರಳುವುದಿಲ್ಲ.

ಎರಡು ವರ್ಷದ ಹಿಂದೆ, ಭಾನುವಾರ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಕೂತು ಬೇಜಾರು ಎಂದು ನೀನು ಮೊದಲ ಸಲ ನನ್ನ ಜೊತೆ ಬಣ್ಣದಂಗಡಿಯ ಮೇಲಿನ ಆ ಪೂಲ್ ಹಾಲಿಗೆ ಬಂದೆ. ನಾನು ದೊಡ್ಡ ಮೇಷ್ಟರ ಠೀವಿಯಲ್ಲಿ ಪಾಠ ಶುರುಮಾಡಿದೆ. ಸ್ಟ್ರೇಟ್ ಪೂಲ್ ಅಂದರೆ ಹದಿನೈದು ಬಣ್ಣದ ಚೆಂಡು, ಕೋಲಿನಿಂದ ಹೊಡೆದು ಅವಕ್ಕೆ ತಾಗಿಸಲು ಒಂದು ಬಿಳಿ ಚೆಂಡು. ಯಾವ ಚೆಂಡನ್ನಾದರೂ ಮೇಜಂಚಿನ ಯಾವ ಪಾಕೆಟ್ಟಿಗಾದರೂ ಹಾಕು, ಒಂದಕ್ಕೆ ಒಂದು ಅಂಕ. ಹದಿನಾಲ್ಕು ಹೋದ ಮೇಲೆ ಅವನ್ನು ತೆಗೆದು ಮತ್ತೆ ತ್ರಿಕೋನವಾಗಿ ಜೋಡಿಸುತ್ತಾರೆ. ಮೇಜಿನ ಮೇಲೆ ಉಳಿದ ಒಂದನ್ನು ಹಾಕುವ ಹೊಡೆತದಲ್ಲೇ ಆ ಗುಂಪನ್ನೂ ಒಡೆದು ಮುಂದಕ್ಕೆ ಹೋಗಬೇಕು. ತಪ್ಪುವವರೆಗೆ ನಿನ್ನದೇ ಆಟ, ತಪ್ಪದೆ ಎಷ್ಟು ಹಾಕಿದೆಯೋ ಅದು ನಿನ್ನ ರನ್. ಎಲ್ಲ ಕೇಳಿಸಿಕೊಂಡು ನೀನು, 'ಅಂದ್ರೆ ಯಾವುದು ಮೊದ್ಲು ಹೋಗ್ಬೇಕು, ಯಾವುದು ಕೊನೇಗೆ ಅಂತ ನೋಡೋದೇ ಆಟ, ಅಲ್ವಾ?' ಎಂದೆ. ನಾನು ನಕ್ಕುಬಿಟ್ಟೆ. ಹನ್ನೊಂದು ವರ್ಷ ಆಡಿದವನಿಗೆ ಆ ಮಾತು ಹೊಳೆದಿರಲಿಲ್ಲ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?

ಆಮೇಲಿನದು ನಿನಗೆ ಗೊತ್ತು. ಮೂರು ತಿಂಗಳಿಗೆ ನೀನು ಇಪ್ಪತ್ತು ದಾಟಿದೆ, ವರ್ಷದೊಳಗೆ ನಲವತ್ತು. ನಾನು ಎಲ್ಲರೆದುರು ಬೆನ್ನು ತಟ್ಟುತ್ತಿದ್ದೆ, ಕಲಿಸಿದ್ದು ನಾನೇ ಎಂದು ಸೇರಿಸುವುದನ್ನು ಮರೆಯುತ್ತಿರಲಿಲ್ಲ. ಪೂಲ್ ಹಾಲಿನ ಯಜಮಾನರು ದೊಡ್ಡ ರನ್ನುಗಳನ್ನು ಬರೆಯಲು ಗೋಡೆಗೆ ಹಾಕಿದ ಕರಿಹಲಗೆಯಲ್ಲಿ, ಅಲ್ಲೇ ಆಡುವ ಹಲ್ಲಿನ ಡಾಕ್ಟರ ತೊಂಬತ್ತನಾಲ್ಕು ಎಲ್ಲಕ್ಕಿಂತ ಮೇಲಿತ್ತು, ನನ್ನ ಐವತ್ತೆಂಟು ನಾಲ್ಕನೆಯ ಸಾಲಿನಲ್ಲಿತ್ತು. ನೀನು ಅದರ ಕೆಳಗೆ ಇರುವವರೆಗೂ ನನ್ನಷ್ಟು ಒಳ್ಳೆಯ ಗಂಡ ಇನ್ನೊಬ್ಬನಿರಲಿಲ್ಲ.

ಈಗ ನೀನು ಊರು ಬಿಡುವುದಕ್ಕೆ ಮುಂಚಿನ ಆ ಭಾನುವಾರಕ್ಕೆ ಬರುತ್ತೇನೆ. ಯಜಮಾನರು ಕೆಳಗೆ ಬಣ್ಣದಂಗಡಿಯವರ ಜೊತೆ ಮಾತಿಗೆ ಕೂತಿದ್ದರು, ಹಾಲಿನಲ್ಲಿ ನಾವಿಬ್ಬರೇ. ನೀನು ಆಡುತ್ತಿದ್ದೆ, ನಾನು ಎತ್ತರದ ಸ್ಟೂಲಿನ ಮೇಲೆ ಕೂತು ಎಣಿಸುತ್ತಿದ್ದೆ. ಐವತ್ತೊಂಬತ್ತನೆಯದು ಬಿದ್ದಾಗ ನಾನು ಎದ್ದು ಚಪ್ಪಾಳೆ ತಟ್ಟಬೇಕಿತ್ತು. ಸ್ಟೂಲಿನಿಂದ ಏಳಲೇ ಇಲ್ಲ. ಎಪ್ಪತ್ತು ಆಯಿತು. ಗುಂಪು ಒಡೆದು ಚೆಂಡುಗಳು ನಿನಗೆ ಬೇಕಾದಲ್ಲೇ ಹೋಗಿ ನಿಂತವು. ನೀನು ಮೇಜನ್ನು ಒಂದು ಸುತ್ತು ಬಂದು, ತುಟಿಯಲ್ಲೇ ಏನೋ ಅಂದುಕೊಂಡು, ಅವಸರವಿಲ್ಲದೆ ಒಂದೊಂದನ್ನೇ ಕಳಿಸುತ್ತಿದ್ದೆ. ನನಗೆ ಕಷ್ಟವಾಗುವ ಹೊಡೆತ ಒಂದೂ ನಿನಗೆ ಬರುತ್ತಲೇ ಇರಲಿಲ್ಲ, ಬರದ ಹಾಗೆ ನೀನು ಮೊದಲೇ ನೋಡಿಕೊಂಡಿರುತ್ತಿದ್ದೆ. ಎಂಬತ್ತು ದಾಟಿದ ಮೇಲೆ ನಾನು ಮನಸ್ಸಿನಲ್ಲಿ ತಪ್ಪಲಿ, ತಪ್ಪಲಿ ಎಂದು ಹೇಳಿಕೊಳ್ಳುತ್ತಿದ್ದೆ, ಕಣೇ. ಇಪ್ಪತ್ತೊಂದು ವರ್ಷ ಜೊತೆಯಲ್ಲಿ ಸಂಸಾರ ಮಾಡಿದ ಹೆಂಡತಿಯ ಬಗ್ಗೆ. ಕೊನೆಗೆ ಮೂಲೆಯ ಪಾಕೆಟ್ಟಿನ ಬಾಯಲ್ಲಿ ಒಂದು ಚೆಂಡು ಅತ್ತಿತ್ತ ಹೊಯ್ದಾಡಿ ಹೊರಗೇ ನಿಂತಿತು. ನೀನು ತಿರುಗಿದೆ. ಕೋಲಿನ ತುದಿಗೆ ಉಜ್ಜುವ ನೀಲಿ ಚಾಕ್ ಮೂಗಿನ ತುದಿಗೂ ಹತ್ತಿತ್ತು. 'ರೀ, ಎಷ್ಟಾಯ್ತು?'

ತೊಂಬತ್ತೇಳು. ಒಂದೂ ಬಿಡದೆ ಎಣಿಸಿದ್ದೆ. ಆದರೆ ನನ್ನ ಬಾಯಿಂದ ಬಂದದ್ದು, 'ಎಂಬತ್ತರ ಮೇಲೆ ಲೆಕ್ಕ ತಪ್ಪಿಹೋಯ್ತು ಕಣೇ.'

ನೋಡಿದವರೊಬ್ಬರು ಎಣಿಸಿ ಹೇಳದೆ ಯಾವ ರನ್ನೂ ಹಲಗೆ ಹತ್ತುವುದಿಲ್ಲ ಎಂಬುದು ಯಜಮಾನರ ಕಟ್ಟುನಿಟ್ಟು. ಮೇಲೆ ಬಂದ ಮೇಲೆ ಅವರೂ ನನ್ನನ್ನು ಕೇಳಿದರು, ಅವರಿಗೂ ಅದನ್ನೇ ಹೇಳಿದೆ. ನೀನು 'ಹೋಗ್ಲಿ ಬಿಡಿ, ಇನ್ನೊಂದ್ಸಲ ಹೊಡೆದ್ರಾಯ್ತು' ಎಂದು ಕೋಲನ್ನು ಒರೆಸಿ ಇಟ್ಟೆ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ತೋಳು ಹಿಡಿದುಕೊಂಡೇ ಬಂದೆ, ಒಂದು ಮಾತೂ ಕೇಳಲಿಲ್ಲ. ನೀನು ಜಗಳವಾಡಿದ್ದರೆ ಅಂದೇ ಎಲ್ಲ ಮುಗಿದಿರುತ್ತಿತ್ತು. ಕೇಳಲಿಲ್ಲವೆಂದು ನಿನ್ನ ಮೇಲೇ ನನಗೆ ಸಿಟ್ಟು ಬಂತು. ಹನ್ನೆರಡು ದಿನಕ್ಕೆ ನಿನಗೆ ಹೊಸ ಅಂಚೆ ಕೇಂದ್ರಕ್ಕೆ ವರ್ಗದ ಆದೇಶ ಬಂದು ನೀನು ಹೊರಟೆ.

ಬಸ್ಸು ಹೊರಟ ಮೇಲೆ ನಾನು ಒಂದು ಉಪಾಯ ಮಾಡಿಕೊಂಡೆ. ನೀನು ಬರುವುದರೊಳಗೆ ತೊಂಬತ್ತೆಂಟು ಹೊಡೆಯುವುದು. ಆಮೇಲೆ ದೊಡ್ಡ ಮನಸ್ಸು ಮಾಡಿದವನ ಹಾಗೆ, 'ಅಂದಹಾಗೆ ನಿನ್ನದು ಅವತ್ತು ತೊಂಬತ್ತೇಳಾಗಿತ್ತು' ಎಂದು ಹೇಳುವುದು. ಎಷ್ಟು ಸಣ್ಣತನ ನೋಡು. ಆದರೆ ಅದರ ಬಲದಿಂದಲೇ ದಿನವೂ ಆ ಮೆಟ್ಟಿಲು ಹತ್ತಿದೆ.

ಮೊದಲ ತಿಂಗಳು ಮೂವತ್ತು, ಮೂವತ್ತೈದಕ್ಕೆ ಮುಗಿಯುತ್ತಿತ್ತು. ಹಲ್ಲಿನ ಡಾಕ್ಟರು ದಿನವೂ ಬಂದು ಕಿಟಕಿಯ ಪಕ್ಕ ಕೂರುತ್ತಿದ್ದರು. ಆಡುವುದಕ್ಕಲ್ಲ, ತಮ್ಮ ತೊಂಬತ್ತನಾಲ್ಕನ್ನು ಕಾಯುವುದಕ್ಕೆ. ಅವರಿಗೂ ನನ್ನದೇ ಕಾಯಿಲೆ. ಆದರೂ ಒಂದು ದಿನ ತಡೆಯಲಾರದೆ ಹೇಳಿದರು: 'ನಿಮ್ಮ ಗುರಿ ಚೆನ್ನಾಗಿದೆ ಸಾರ್, ಬುದ್ಧಿ ಇಲ್ಲ. ನಿಮ್ಮ ಮನೆಯವ್ರು ಆಡೋದು ನೋಡಿಲ್ವಾ? ಅವ್ರು ಕೊನೇ ಚೆಂಡಿನಿಂದ ಹಿಂದಕ್ಕೆ ಯೋಚ್ನೆ ಮಾಡ್ತಾರೆ.' ಮೈಯೆಲ್ಲ ಉರಿದುಹೋಯಿತು. ಆದರೂ ಮರುದಿನದಿಂದ ಹಾಗೇ ಮಾಡಿದೆ. ಊಟದ ಬಿಡುವಿನಲ್ಲಿ ಅಂಗಡಿಯ ಹಳೇ ಚೀಟಿಗಳ ಹಿಂದೆ ಹದಿನೈದು ಸೊನ್ನೆ ಬರೆದು, ಗುಂಪು ಒಡೆಯಲು ಯಾವುದನ್ನು ಉಳಿಸಬೇಕು, ಅದಕ್ಕೆ ಮುಂಚೆ ಯಾವುದನ್ನು ಹಾಕಬೇಕು ಎಂದು ಹಿಂದಿನಿಂದ ಅಂಕಿ ಹಾಕುತ್ತಿದ್ದೆ. ಒಂದಕ್ಕೊಂದು ಅಂಟಿಕೊಂಡ ಚೆಂಡುಗಳನ್ನು ಕೊನೆಗೆ ನೋಡೋಣ ಎಂದು ಬಿಡುತ್ತಿದ್ದವನು ಅವನ್ನೇ ಮೊದಲು ಬಿಡಿಸತೊಡಗಿದೆ. ಬಿಳಿ ಚೆಂಡನ್ನು ಮೇಜಿನುದ್ದಕ್ಕೂ ಓಡಿಸುವ ನನ್ನ ಶೋಕಿ ಬಿಟ್ಟು ಒಂದು ಗೇಣು, ಎರಡು ಗೇಣು ಸರಿಸುವುದನ್ನು ರೂಢಿಸಿಕೊಂಡೆ. ಅರವತ್ತಮೂರಾಯಿತು, ಎಪ್ಪತ್ತೊಂದಾಯಿತು. ಮತ್ತೆ ಒಂಬತ್ತು ದಿನ ಇಪ್ಪತ್ತೆರಡರ ಮೇಲೆ ಏಳಲಿಲ್ಲ. ಚೆನ್ನಾಗಿ ಆಡಿದ ದಿನಗಳಲ್ಲೇ ಹೆಚ್ಚು ಸಂಕಟ, ಏಕೆಂದರೆ ನಾನು ಬೆವರಿಳಿಸಿ ಕಲಿತ ಒಂದೊಂದನ್ನೂ ನೀನು ಮೂಗಿಗೆ ಚಾಕ್ ಹಚ್ಚಿಕೊಂಡು ಸುಮ್ಮನೆ ಮಾಡುತ್ತಿದ್ದೆ ಎಂದು ಆಗಲೇ ತಿಳಿಯುತ್ತಿದ್ದದ್ದು.

ಮೊನ್ನೆ ಭಾನುವಾರ ಕೈ ಕೂಡಿಬಂತು. ಡಾಕ್ಟರೇ ಎಣಿಸುತ್ತಿದ್ದರು, ಎಂಬತ್ತರ ಮೇಲೆ ಅವರ ದನಿ ಸಣ್ಣಗಾಗುತ್ತಾ ಹೋಯಿತು. ತೊಂಬತ್ತೈದನೆಯದನ್ನು ಹಾಕಿದೆ, ಮುಂದಿನದು ತಪ್ಪಿತು. ಪಾಪ, ಅವರು ಒಂದನ್ನೂ ಮುಚ್ಚಿಡದೆ 'ತೊಂಬತ್ತೈದು' ಎಂದು ಗಟ್ಟಿಯಾಗಿಯೇ ಹೇಳಿ, ಕನ್ನಡಕ ಒರೆಸುತ್ತಾ ಕೂತರು. ಯಜಮಾನರು ಹಲಗೆಯ ಮೇಲ್ತುದಿಯಲ್ಲಿ ನನ್ನ ಹೆಸರು ಬರೆದರು. ಹದಿಮೂರು ವರ್ಷ ಕಾದ ಜಾಗ. ನೋಡುತ್ತಾ ನಿಂತೆ, ಗುಬ್ಬಿ, ಖುಷಿ ಬರುತ್ತದೆ ಎಂದು ಕಾದೆ. ಅದು ನಿನ್ನ ಸಾಲಿನಲ್ಲಿ ಬರೆದ ನನ್ನ ಹೆಸರು, ಮತ್ತು ಅದು ಗೊತ್ತಿರುವುದು ನನಗೊಬ್ಬನಿಗೇ ಎಂದುಕೊಂಡೆ.

ಸಂಜೆ ಮಗಳು ತಡೆಯಲಾರದೆ ನಿನಗೆ ಫೋನ್ ಮಾಡಿದಳು. ನೀನು ಕೂಗಿಕೊಂಡೆ, ಕೆಮ್ಮಿದೆ, ಕೋಣೆಯ ಪಕ್ಕದವರನ್ನು ಕರೆದು 'ನಮ್ಮ ಮನೆಯವ್ರು ತೊಂಬತ್ತೈದು ಹೊಡೆದ್ರಂತೆ' ಎಂದೆ. ಆಮೇಲೆ ನಾನು ಫೋನ್ ತೆಗೆದುಕೊಂಡಾಗ ಮೆಲ್ಲಗೆ, 'ಇನ್ನು ಎರಡು ಹಾಕಿದ್ರೆ ಸಮ ಆಗ್ತಿತ್ತಲ್ರೀ' ಎಂದೆ. ತೊಂಬತ್ತೈದಕ್ಕೆ ಎರಡು ಸೇರಿದರೆ ತೊಂಬತ್ತೇಳು. ದಿನಕ್ಕೆ ಸಾವಿರಗಟ್ಟಲೆ ಕಾಗದ ಎಣಿಸಿ ಕಟ್ಟು ಕಟ್ಟುವವಳು ನೀನು, ನಿನ್ನದೇ ಚೆಂಡುಗಳನ್ನು ಎಣಿಸಿರಲಿಲ್ಲವೇ? ಅಂದು ಎಷ್ಟಾಯ್ತು ಎಂದು ಕೇಳಿದ್ದು ಗೊತ್ತಿಲ್ಲದೆ ಅಲ್ಲ. ನನ್ನ ಬಾಯಿಂದ ಕೇಳಬೇಕೆಂದು. ಇಷ್ಟು ದಿನ ಅದನ್ನು ಒಳಗಿಟ್ಟುಕೊಂಡು, ನನ್ನ ಊಟ, ನನ್ನ ಕತ್ತುನೋವು ವಿಚಾರಿಸುತ್ತಿದ್ದೆ.

ತಪ್ಪು ನನ್ನದು. ಹೊಟ್ಟೆಕಿಚ್ಚಿನಿಂದಲೇ ಸುಳ್ಳು ಹೇಳಿದೆ, ಬೇರೆ ಕಾರಣವಿಲ್ಲ. ಈಗ ಅದು ನನ್ನಲ್ಲಿ ಉಳಿದಿಲ್ಲ, ನಿನ್ನ ದನಿ ಕೇಳಿದ ಮೇಲೆ ಇಳಿದುಹೋಯಿತು. ಯಜಮಾನರಿಗೂ ಡಾಕ್ಟರಿಗೂ ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ನೀನು ಬಂದ ಮೇಲೆ ಇಬ್ಬರೂ ಹೋಗಿ ಹೇಳೋಣವೇ? ನೀನು ಹೇಗೆ ಹೇಳಿದರೆ ಹಾಗೆ.

ಬಿಸಿನೀರು ಕುಡಿ, ಕಿವಿಗೆ ಏನಾದರೂ ಕಟ್ಟಿಕೋ. ಮಗಳು ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ, ಸ್ವೆಟರ್ ವಿಷಯ ಬರೆಯಬೇಡ ಎಂದೂ ಹೇಳಿದ್ದಾಳೆ. ನಿನ್ನ ಆರೋಗ್ಯ ಗಟ್ಟಿಯಾಗಿರಲಿ, ಅದೊಂದಿದ್ದರೆ ಮಿಕ್ಕದ್ದು ಹೇಗೋ ಆಗುತ್ತದೆ.

ಇಂತಿ,
ನಿನ್ನ ಮುಂದೆ ತಲೆ ತಗ್ಗಿಸಿದ
ನಿನ್ನವನು

ಬುಧವಾರ ಬೆಳಿಗ್ಗೆ, ಅವಸರದಲ್ಲಿ: ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ನಿನಗಾಗಿ ಕಾಯದೆ ಈಗಷ್ಟೇ ಹೋಗಿ ಹೇಳಿಬಂದೆ. ಡಾಕ್ಟರೂ ಇದ್ದರು. ಯಜಮಾನರು ಒದ್ದೆ ಬಟ್ಟೆಯಿಂದ ನನ್ನ ಸಾಲು ಒರೆಸಿ, ನನ್ನ ಕೈಗೇ ಸೀಮೆಸುಣ್ಣ ಕೊಟ್ಟು 'ನೀವೇ ಬರೀರಿ' ಎಂದರು. ನಿನ್ನ ಹೆಸರು, ತೊಂಬತ್ತೇಳು, ಎಲ್ಲಕ್ಕಿಂತ ಮೇಲೆ. ಸುಳ್ಳು ಲೆಕ್ಕ ಕೊಟ್ಟವರ ರನ್ ಒಂದು ವರ್ಷ ಹಲಗೆ ಮೇಲೆ ಬೇಡವಂತೆ, ಹಾಗಾಗಿ ನಾನು ಎಲ್ಲೂ ಇಲ್ಲ. ಡಾಕ್ಟರು ಎರಡನೆಯವರಾದರೂ ನನಗಿಂತ ಮೇಲಿದ್ದೇನೆ ಎಂದು ಸಮಾಧಾನದಲ್ಲಿದ್ದಾರೆ. ಒಂದು ಮಾತು ತಿದ್ದಬೇಕು: ಹೊಟ್ಟೆಕಿಚ್ಚು ಇಳಿದುಹೋಯಿತು ಎಂದು ಮೇಲೆ ಬರೆದಿದ್ದೇನಲ್ಲ, ಇಳಿದಿಲ್ಲ. ಆ ಏಳು ಬರೆಯುವಾಗ ಸೀಮೆಸುಣ್ಣ ಎರಡು ತುಂಡಾಯಿತು. ಇಂಥವನನ್ನು ಕಟ್ಟಿಕೊಂಡೇ ಬಾಳುವುದಾದರೆ ರಜೆ ಹಾಕಿ ಬಾ, ಇಪ್ಪತ್ತಾರನೇ ತಾರೀಖು ಭಾನುವಾರ ಮಧ್ಯಾಹ್ನ ಮೇಜನ್ನು ನಮ್ಮಿಬ್ಬರಿಗೆ ಹೇಳಿಟ್ಟಿದ್ದೇನೆ. ಎಣಿಸುವುದಕ್ಕೆ ಡಾಕ್ಟರನ್ನು ಒಪ್ಪಿಸಿದ್ದೇನೆ.