ಸಿಟ್ಟಿಗೊಂದು ಸಾಕ್ಷಿಪತ್ರ

ಅಂಜುವವರ ಕೇರಿ, ಶಿಕಾಗೊ
ವಿಂಗಡಣೆಯ ಮೂವತ್ತೊಂದನೆಯ ವರ್ಷ
ಅಕ್ಟೋಬರ್ ೧೪, ಗುರುವಾರ

ನನ್ನ ಮುದ್ದು ಝೋಸ್ಯಾ,

ಮಾರಿಸೋಲ್ ಕೈಯಲ್ಲಿ ನೀನು ಕಳಿಸಿದ ಚೀಟಿ ಹೋದ ಶುಕ್ರವಾರವೇ ತಲುಪಿತು. ನಮ್ಮ ಪಂಪುಮನೆಯ ಕಾವಲಿಗೆ ಈ ತಿಂಗಳು ನಿಮ್ಮ ಸಿಟ್ಟಿನವರ ಕೇರಿಯಿಂದ ಅವಳನ್ನೇ ಹಾಕಿದ್ದಾರೆ, ನಮ್ಮ ಪುಣ್ಯ. ಬೂಟಿನೊಳಗಿಂದ ಚೀಟಿ ತೆಗೆದು ನನ್ನ ಕೈಗೆ ತುರುಕಿ, "ಓದಿ ಒಲೆಗೆ ಹಾಕಿ ಆಂಟಿ. ಅದನ್ನ ಹಿಡ್ಕೊಂಡು ಬೀದಿ ತುಂಬ ನಡುಗ್ತಾ ಓಡಾಡ್ಬೇಡಿ" ಅಂತ ಗದರಿದಳು. ಆ ಕೇರಿಯ ಹುಡುಗಿ ಅಂದರೆ ಹಾಗಿರಬೇಕು. ನೀನು ಅಲ್ಲಿ ಎರಡು ವರ್ಷ ಕಳೆದೂ ನಾಲ್ಕು ಸಾಲಿನ ಚೀಟಿಯಲ್ಲಿ ಮೂರು ಸಲ ದಯವಿಟ್ಟು ಅಂತ ಬರೆದಿದ್ದೀಯ.

ನೀನು ಕೇಳಿದ ಸಾಕ್ಷಿಪತ್ರ ದೊಡ್ಡದೇನಲ್ಲ. ಈ ಭಾನುವಾರ ನಿನ್ನನ್ನು ಕೇರಿಯವರೆಲ್ಲರ ಮುಂದೆ ನಿಲ್ಲಿಸಿ ನಾಲ್ಕು ಜನ ಬಾಯಿಗೆ ಬಂದಂತೆ ಬೈಯುತ್ತಾರೆ. ನೀನು ತಿರುಗಿ ಬೈಯದಿದ್ದರೆ ನಿನ್ನ ಸ್ವಭಾವ ಸುಳ್ಳು ಎಂದು ಬರೆದುಕೊಂಡು ದೋಣಿ ಹತ್ತಿಸುತ್ತಾರೆ. ಆ ದೋಣಿ ತುಂಬಿಕೊಂಡು ಸರೋವರದ ಆಚೆಗೆ ಹೋಗುವುದನ್ನೂ ಖಾಲಿಯಾಗಿ ಬರುವುದನ್ನೂ ನಾನು ಪಂಪುಮನೆಯ ಕಿಟಕಿಯಿಂದ ಎಷ್ಟು ಸಲ ನೋಡಿದ್ದೇನೆ. ಹೆತ್ತವರು ಸಾಕ್ಷಿಪತ್ರ ಕೊಟ್ಟರೆ ಮಾತ್ರ ಈ ಪರೀಕ್ಷೆ ಇಲ್ಲ. ಹುಡುಗಿ ಚಿಕ್ಕಂದಿನಿಂದಲೂ ಮುಂಗೋಪಿ ಎಂದು ಮೂರು ಪ್ರಸಂಗ ಬರೆದು ರುಜು ಹಾಕಿದರೆ ಸಾಕು. ಒಂದು ಹಾಳೆ, ಮೂರು ಸುಳ್ಳು. ಯಾವ ತಾಯಿಯಾದರೂ ಬರೆದುಕೊಡುತ್ತಾಳೆ.

ನಿನ್ನ ಸಿಟ್ಟು ಎಷ್ಟೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹದಿನಾರು ವರ್ಷದಲ್ಲಿ ಒಂದೇ ಸಲ. ಸ್ವಭಾವ ನೋಡಿ ಮಕ್ಕಳನ್ನು ಕೇರಿಕೇರಿಗೆ ಹಂಚುವ ವಿಂಗಡಣೆಯ ದಿನ ಬೆಳಗಿನಿಂದ ನಿಮ್ಮನ್ನೆಲ್ಲ ಉಪವಾಸ ಕೂರಿಸಿದ್ದರು. ನಾನು ನಿನ್ನ ಕೋಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ, ಎಂದಿನಂತೆ ನಡುಗುತ್ತ. ಆ ಪರೀಕ್ಷಕ ನನ್ನ ಹಾಗೆಯೇ ಕೈ ನಡುಗಿಸಿ ತೋರಿಸಿ ಎಲ್ಲರನ್ನೂ ನಗಿಸಿದ. ನೀನು ಎದ್ದುಹೋಗಿ ಅವನ ಕೆನ್ನೆಗೆ ಬಾರಿಸಿದೆ. ಮರುಕ್ಷಣವೇ ಕೆಳಗೆ ಬಿದ್ದ ಅವನ ಕನ್ನಡಕ ಹೆಕ್ಕಿ, ನಿನ್ನ ಲಂಗದಲ್ಲಿ ಒರೆಸಿಕೊಟ್ಟು, ತಪ್ಪಾಯ್ತು ಸರ್ ಅಂದೆ. ಕೆನ್ನೆಗೆ ಹೊಡೆದದ್ದನ್ನು ಬರೆದುಕೊಂಡರು, ಕನ್ನಡಕ ಒರೆಸಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಮಣಿಕಟ್ಟಿಗೆ ಸಿಟ್ಟಿನ ಮುದ್ರೆ ಒತ್ತಿ, ಕಾಂಕ್ರೀಟು ಒಡೆಯುವವರ ಸಾಲಿಗೆ ಕಳಿಸಿದರು.

ತಾಳು, ಬಾಗಿಲ ಚಿಲಕ ನೋಡಿಬರುತ್ತೇನೆ.

ಹಾಕಿತ್ತು. ನಿನ್ನ ಅಪ್ಪ ಆಗಲೇ ಮೂರು ಸಲ ನೋಡಿದ್ದರಂತೆ. "ನಾನು ನೋಡಿದೀನಿ ಅಂದ್ರೂ ನಂಬಲ್ವಲ್ಲ ನೀನು" ಅಂದು, ನಾನು ಈಚೆ ಬಂದಮೇಲೆ ತಾವೂ ಹೋಗಿ ಇನ್ನೊಂದು ಸಲ ಎಳೆದು ನೋಡಿದರು. ಈ ಮನೆಯಲ್ಲಿ ನೀನು ಹೇಗೆ ಹುಟ್ಟಿದೆಯೋ.

ಸೋಮವಾರ ಕೆಲಸಕ್ಕೆ ರಜೆ ಹಾಕಿ, ಸಾಕ್ಷಿಪತ್ರ ತೆಗೆದುಕೊಳ್ಳುವ ಮೌನದವರ ಕಚೇರಿಗೆ ಹೋದೆ. ಅಲ್ಲಿ ಯಾರೂ ಮಾತಾಡುವುದಿಲ್ಲವಷ್ಟೆ, ಗುಮಾಸ್ತ ಬೆರಳಲ್ಲೇ ಕುರ್ಚಿ ತೋರಿಸಿದ, ಹಾಳೆ ಕೊಟ್ಟ. ನಾನು ಬರೆದೆ ಕಂದಾ. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ನೀನು ಆರನೆಯ ವರ್ಷದಲ್ಲಿ ಬೀಟ್‌ರೂಟ್ ಸಾರಿನ ಬಟ್ಟಲನ್ನೇ ಅಪ್ಪನ ಮೇಲೆ ಎಸೆದೆ ಅಂತ ಬರೆದೆ. ಪಕ್ಕದ ಮನೆಯ ಬ್ರೋನ್ಯಾಳ ಬಟ್ಟೆ ಹಗ್ಗವನ್ನು ಕುಡುಗೋಲಿನಿಂದ ಕತ್ತರಿಸಿದೆ ಅಂತ ಬರೆದೆ. ಟೀಚರ ಬೆರಳು ಕಚ್ಚಿದೆ, ರಕ್ತ ಬಂತು ಅಂತಲೂ ಬರೆದೆ. ಬರೆಯುತ್ತ ಬರೆಯುತ್ತ ಆ ಹುಡುಗಿ ನನಗೇ ಇಷ್ಟವಾಗಿಬಿಟ್ಟಳು. ಅಂಥ ಮಗಳಿದ್ದಿದ್ದರೆ ನಾನು ಇಷ್ಟು ವರ್ಷ ಇಷ್ಟೊಂದು ಹೆದರಬೇಕಾಗಿರಲಿಲ್ಲ.

ಇನ್ನು ಹೇಳಲಾಗದ್ದನ್ನು ಹೇಳಬೇಕು. ನಮ್ಮ ಕೇರಿಯ ಪದ್ಧತಿ ನಿನಗೆ ಗೊತ್ತಲ್ಲ. ಯಾವ ಹಾಳೆ ಬರೆದರೂ ಕೊನೆಯಲ್ಲಿ, ರುಜುವಿನ ಮೇಲೆ, ಒಂದು ಸಾಲು ಸೇರಿಸುತ್ತೇವೆ: ತಪ್ಪಿದ್ದೀತು, ಇನ್ನೊಮ್ಮೆ ಪರಿಶೀಲಿಸಬೇಕು. ಇಪ್ಪತ್ತಾರು ವರ್ಷದಿಂದ ನಾನು ಪಂಪುಮನೆಯಲ್ಲಿ ದಿನಕ್ಕೆ ನಲವತ್ತು ಹಾಳೆ ಬರೆಯುತ್ತೇನೆ. ವಾಲ್ವು ಮುಚ್ಚಿದೆ, ಇನ್ನೊಮ್ಮೆ ಪರಿಶೀಲಿಸಬೇಕು. ನೀರು ಶುದ್ಧವಿದೆ, ಇನ್ನೊಮ್ಮೆ ಪರಿಶೀಲಿಸಬೇಕು. ಮೂರು ಸುಳ್ಳು ಬರೆದು ಮುಗಿಸಿದ ಕೈ ತಾನಾಗಿಯೇ ಆ ಸಾಲನ್ನೂ ಬರೆದುಬಿಟ್ಟಿತು. ಮನೆಗೆ ಬಂದು ಚಹಾ ಕಾಯಿಸುವಾಗ ಹೊಳೆಯಿತು. ಓಡಿಹೋದೆ. ಕಚೇರಿ ಮುಚ್ಚಿತ್ತು.

ಪರಿಶೀಲಿಸಬೇಕು ಎಂದು ಬರೆದರೆ ಮೌನದವರು ಪರಿಶೀಲಿಸದೆ ಬಿಡುವುದಿಲ್ಲ. ಮಂಗಳವಾರ ಇಬ್ಬರು ಬ್ರೋನ್ಯಾಳ ಮನೆಗೆ ಬಂದು, ಹಗ್ಗದ ಪ್ರಸಂಗ ನಿಜವೇ ಎಂದು ಹಲಗೆಯ ಮೇಲೆ ಬರೆದು ತೋರಿಸಿದರಂತೆ. ಅವರು ಹೋದ ಕೂಡಲೇ ಅವಳು ನನ್ನ ಹತ್ತಿರ ಓಡಿಬಂದಳು. "ನಾನೇನು ಹೇಳ್ಲಿ ಹಲೀನಾ, ಬಾಯಿ ತಾನಾಗೇ ನಿಜ ಹೇಳ್ಬಿಡ್ತು. ಮಳೆ ಬಂದ್ರೆ ಝೋಸ್ಯಾನೇ ಓಡಿ ಬಂದು ನಮ್ಮ ಬಟ್ಟೆ ತೆಗೆದಿಡ್ತಿದ್ಳು ಅಂದುಬಿಟ್ಟೆ. ಒಳ್ಳೇದೇ ಹೇಳ್ದೆ ಅಂದ್ಕೊಂಡಿದ್ದೆ ಕಣೇ" ಅಂತ ನಮ್ಮ ಹೊಸಿಲಲ್ಲಿ ಕೂತು ಅತ್ತಳು. ಅವಳನ್ನು ಬೈಯಲು ನನ್ನ ಕೈಲಾಗಲಿಲ್ಲ. ಒಳಗೆ ಕರೆದು ಗಸಗಸೆ ರೊಟ್ಟಿ ಕೊಟ್ಟೆ. ಟೀಚರು ಗಾಯದ ಗುರುತಿಲ್ಲದ ಹತ್ತೂ ಬೆರಳುಗಳನ್ನು ತೋರಿಸಿದರಂತೆ.

ಬುಧವಾರ ಸಾಕ್ಷಿಪತ್ರ ಅಡ್ಡಗೆರೆ ಹೊಡೆಸಿಕೊಂಡು ವಾಪಸು ಬಂತು. ಮಗಳ ಮೇಲಿನ ಮಮತೆಯಿಂದ ಬರೆದದ್ದು, ನಂಬುವಂಥದ್ದಲ್ಲ, ತಾನೇ ಪರಿಶೀಲನೆ ಕೇಳಿಕೊಂಡ ಕಾರಣ ಶಿಕ್ಷೆ ಇಲ್ಲ ಎಂದು ಕೆಳಗೆ ಷರಾ ಇದೆ. ಪರೀಕ್ಷೆ ಭಾನುವಾರವೇ. ಅಪ್ಪ ಆ ಹಾಳೆಯನ್ನು ಓದಿ ಮಡಿಸಿ ಜೇಬಿಗಿಟ್ಟುಕೊಂಡರು. ರಾತ್ರಿ ಊಟಕ್ಕೆ ಮಾಡಿದ್ದ ಎಲೆಕೋಸು ತುಂಬಿದ ಪಿಯೆರೋಗಿ ಕಡುಬು ಹಾಗೇ ಉಳಿಯಿತು.

ಉಳಿದಿರುವುದು ನೀನೇ. ಬೈಗುಳ ಕಲಿಸಿಕೊಡು ಎಂದು ಮಾರಿಸೋಲಳನ್ನು ಬೇಡಿಕೊಂಡಿದ್ದೇನೆ. "ಆಂಟಿ, ಬೈಗುಳ ಅವಳಿಗೆ ಬಾಯಿಪಾಠ ಆಗಿದೆ. ಅದನ್ನ ಪ್ರಾರ್ಥನೆ ಹೇಳೋ ಹಾಗೆ ಹೇಳ್ತಾಳೆ, ಏನು ಮಾಡ್ಲಿ?" ಅಂದಳು. ಅವಳ ಕಣ್ಣಲ್ಲೂ ನೀರಿತ್ತು. ನೋಡಿದವರು ಯಾರೂ ಇರಲಿಲ್ಲ ಸದ್ಯ. ಕಂದಾ, ಅವರ ಮುಖ ನೋಡಬೇಡ. ನೋಡಿದರೆ ನಿನಗೆ ಅವರ ಮೇಲೆ ಕನಿಕರ ಬಂದುಬಿಡುತ್ತದೆ. ಗಟ್ಟಿಯಾಗಿ ಕಿರುಚು, ಏನಾದರೂ ಕಿರುಚು. ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋಗು. ಉಣ್ಣೆಯ ಒಳಅಂಗಿ ಎರಡು ಹಾಕಿಕೋ. ಸರೋವರದ ಮೇಲಿನ ಗಾಳಿ ಈಗಲೇ ಚುಚ್ಚುತ್ತಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಕೇಳಬೇಡ.

ನಿನ್ನನ್ನು ಹೆತ್ತು ಹೆದರುವುದನ್ನು ಬಿಟ್ಟು ಇನ್ನೇನೂ ಮಾಡದ,
ನಿನ್ನ ಅಮ್ಮ
ಹಲೀನಾ

ಮತ್ತೆ ಬರೆದದ್ದು: ಮಾರಿಸೋಲ್ ಹೊರಗೆ ಕಾಯುತ್ತಿದ್ದಾಳೆ, ಆದರೂ ಇದನ್ನು ಬರೆಯದೆ ಕೊಡಲಾರೆ. ಕೈ ತಾನಾಗಿ ಬರೆಯಿತು ಎಂದೆನಲ್ಲ, ಅದು ಸುಳ್ಳು. ನಾನು ಆ ಸಾಲು ಬರೆದಿರಲಿಲ್ಲ. ಹಾಳೆ ಗುಮಾಸ್ತನ ಕೈಗೆ ಕೊಟ್ಟು ಬಾಗಿಲ ತನಕ ಹೋಗಿದ್ದೆ. ಸುಳ್ಳು ಸಾಕ್ಷಿಗೂ ಅದೇ ದೋಣಿ, ತಾವೇ ಪರಿಶೀಲನೆ ಕೇಳಿಕೊಂಡವರಿಗೆ ಮಾತ್ರ ಇಲ್ಲ ಎಂದು ಅಲ್ಲಿ ಗೋಡೆಯ ಮೇಲೆ ಬರೆದಿತ್ತು. ವಾಪಸು ಬಂದು ಹಾಳೆ ಕೇಳಿ ಇಸಿದುಕೊಂಡು, ನಿಂತುಕೊಂಡೇ ಆ ಸಾಲು ಸೇರಿಸಿದೆ. ಅಕ್ಷರ ದುಂಡಗೆ ಬಂದಿದೆಯೇ ಎಂದೂ ನೋಡಿದೆ. ಅಪ್ಪನ ಸಲುವಾಗಿ ಎಂದರೆ ಚೆನ್ನಾಗಿರುತ್ತಿತ್ತು. ನನ್ನ ಸಲುವಾಗಿ. ದೋಣಿಯಲ್ಲಿ ನಾನಲ್ಲ, ನೀನು ಎಂದು ನಾನೇ ಆರಿಸಿದೆ. ಇದನ್ನು ನೆನೆಸಿಕೊಂಡು ಭಾನುವಾರ ನಿಲ್ಲು. ಎದುರಿಗಿರುವವಳು ನಿನ್ನ ಅಮ್ಮ ಎಂದುಕೊಂಡು ಬಾಯಿಗೆ ಬಂದದ್ದೆಲ್ಲ ಬೈಯಿ. ನಿನಗೆ ಸಿಟ್ಟು ಬರಲಿ ಎಂದೇ ಇದನ್ನು ಹೇಳುತ್ತಿದ್ದೇನೆ. ಬರುವುದಿಲ್ಲ ಕಣೇ, ನನಗೆ ಗೊತ್ತು. ಓದಿ ಮುಗಿಸಿ, ಅಯ್ಯೋ ಅಮ್ಮ ಎಷ್ಟು ಹೆದರಿದ್ದಳೋ ಎಂದು ನೀನು ಅಳುತ್ತೀಯ.