ಸೋನವಣೆ ಸರ್ ಅವರ ಪಾದತೀರ್ಥ

ಗಡಹಿಂಗ್ಲಜ
೨೬ ಏಪ್ರಿಲ್ ೨೦೨೫, ಶನಿವಾರ

ಇಚಲಕರಂಜಿಯ ಶ್ರೀಮಾನ್ ನಿಲೇಶ ಅವರಿಗೆ, ರೇಶನ್ ಕಾರ್ಡಿನಲ್ಲಿ ಮಾತ್ರ ನಿಮ್ಮ ಹೆಂಡತಿಯಾಗಿ ಉಳಿದಿರುವ ಶೀತಲಳ ನಮಸ್ಕಾರಗಳು.

ಗಂಡನ ಹೆಸರನ್ನು ಹೀಗೆ ರಾಜಾರೋಷವಾಗಿ ಬರೆದಳೆಂದು ಮುಖ ಕಿವಿಚಬೇಡಿ. ಆಯುಷ್ಯ ಕಡಿಮೆಯಾಗುವುದಾದರೆ ಬೇರೆಯವರದು ಆಗಲಿ. ನಿಮ್ಮಂಥವರು ನೂರು ವರ್ಷ ಬದುಕುತ್ತೀರಿ.

ನಿಮ್ಮ ಪತ್ರ ನಿನ್ನೆ ಬಂತು. ನಾನು ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದರಿಂದ ಪಾಪ, ನಿಮಗೆ ಪೆನ್ನು ಹಿಡಿಯುವ ಶಿಕ್ಷೆಯಾಯಿತು. ಏಳನೆಯ ತರಗತಿಗೆ ಪತ್ರಲೇಖನ ಕಲಿಸುವವಳು ನಾನು. ಮೊದಲು ಎದುರಿನವರ ಕ್ಷೇಮ ಕೇಳಬೇಕು ಎಂಬುದು ಅಲ್ಲಿನ ಹಿಂದಿನ ಬೆಂಚಿನ ಮಕ್ಕಳಿಗೂ ಗೊತ್ತು. ನೀವು ಮೊದಲ ಸಾಲಿನಲ್ಲೇ ‘ನೌಕರಿ ಹೋತಂತಲ್ಲ, ಚಲೋ ಆತು’ ಎಂದು ಶುರು ಮಾಡಿದ್ದೀರಿ. ಹತ್ತರಲ್ಲಿ ಎರಡು ಅಂಕ ಕೊಟ್ಟಿದ್ದೇನೆ, ಅದೂ ವಿಳಾಸ ಸರಿಯಾಗಿದ್ದುದಕ್ಕೆ.

ಆಮೇಲೆ ನಿಮ್ಮ ಷರತ್ತುಗಳು. ಬಸವ ಜಯಂತಿಯ ದಿನ ನಾನು ಇಚಲಕರಂಜಿಗೆ ಬರಬೇಕು. ಕಿರಿಸ್ತಾನರ ಶಾಲೆಯಲ್ಲಿ ಬೈಬಲ್ ಕಲಿಸಿ ಮೈಲಿಗೆಯಾದ ನನ್ನನ್ನು, ಅಯ್ಯನವರನ್ನು ಕರೆಸಿ, ಅವರ ಪಾದ ತೊಳೆಸಿ, ಆ ನೀರು ಕುಡಿಸಿ, ಓಣಿಯವರ ಎದುರು ಶುದ್ಧ ಮಾಡಿಕೊಳ್ಳುತ್ತೀರಿ. ಮುಂದೆ ಶಾಲೆಯ ಹೆಸರೆತ್ತಬಾರದು. ಬರದಿದ್ದರೆ ಬೇರೆ ಹೆಣ್ಣು ನೋಡುತ್ತೀರಿ. ಬಸವಣ್ಣನ ಹುಟ್ಟುಹಬ್ಬಕ್ಕೆ ಹೆಂಡತಿಯನ್ನು ತೊಳೆದು ಒಣಗಿಸುವ ಬುದ್ಧಿ ನಿಮಗಲ್ಲದೆ ಇನ್ನಾರಿಗೆ ಹೊಳೆದೀತು! ಕೊನೆಗೆ, ನಿಮ್ಮ ಅವ್ವ ತನ್ನ ತವರೂರು ನೂಲಕ್ಕೆ ಹೋಗಿ ಕೂತಿದ್ದಾಳೆ, ರೊಟ್ಟಿ ಬಡಿಯುವವರಿಲ್ಲ ಎಂದಿದ್ದೀರಿ. ಇಡೀ ಪತ್ರದಲ್ಲಿ ನಿಜವಾದ ಮಾತು ಅದೊಂದೇ.

ನಿಮ್ಮ ಗೆಳೆಯರ ಗುಂಪಿನಲ್ಲಿ ಯಾರೋ ನಮ್ಮ ಶಾಲೆಯ ವಿಡಿಯೋ ಹಾಕಿದರಂತೆ. ಕುರ್ಚಿಯ ಮೇಲೊಬ್ಬ ಕಾಲು ಚಾಚಿ ಕೂತಿದ್ದಾನೆ, ಒಬ್ಬ ಹುಚ್ಚು ಮುದುಕಿ ಅವನ ಕಾಲಿನ ನೀರು ಕುಡಿಯುತ್ತಿದ್ದಾಳೆ, ನೋಡಿ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು ಎಂದು ಬರೆದಿದ್ದೀರಿ. ವಿಡಿಯೋ ಮಾಡಿದವನು ಅರ್ಧಕ್ಕೇ ನಿಲ್ಲಿಸಿದ್ದಾನೆ. ಪೂರ್ತಿ ಕೇಳಿ.

ನನ್ನನ್ನು ಅಲ್ಲಿ ಸೇರಿಸಿಕೊಂಡದ್ದು ಐದರಿಂದ ಏಳನೆಯವರೆಗೆ ಕನ್ನಡ ಕಲಿಸಲು. ಬೈಬಲ್ ಕಲಿಸುತ್ತಿದ್ದ ಟೀಚರ್ ಬಾಯಿ ಮದುವೆಯಾಗಿ ಕೊಲ್ಹಾಪುರಕ್ಕೆ ಹೋದಳು. ನಮ್ಮ ಹೆಡ್ ಮಾಸ್ತರ ಸೋನವಣೆ ಸರ್ ಆ ತಾಸನ್ನೂ ನನ್ನ ತಲೆಗೆ ಕಟ್ಟಿದರು. ನಾನು ಕ್ರೈಸ್ತಳಲ್ಲ ಎಂದೆ. ‘ಭಾಷಾ ಕಲಿಸಾವರಿಗೆ ಯಾವ ಪುಸ್ತಕ ಆದ್ರೇನ್ರಿ, ಓದೂದು, ಪ್ರಶ್ನಾ ಕೇಳೂದು, ಮುಗೀತು’ ಎಂದರು. ಧರ್ಮಗ್ರಂಥದ ಬಗ್ಗೆ ಅವರ ಭಕ್ತಿ ಅಷ್ಟು. ಅವರ ಪ್ರಕಾರ ಬೈಬಲ್ ಕಲಿಸುವುದೆಂದರೆ ವಚನ ಬಾಯಿಪಾಠ ಮಾಡಿಸುವುದು. ನೋಹನ ಹಡಗು ಎಷ್ಟು ಮೊಳ ಎಂದು ಕೇಳುವುದು. ತಪ್ಪಿದರೆ ಮೊಣಕಾಲಿನ ಮೇಲೆ ನಿಲ್ಲಿಸುವುದು, ಪ್ರಾರ್ಥನೆಗಲ್ಲ, ಶಿಕ್ಷೆಗೆ.

ನಾನು ಕಥೆ ಹೇಳಿದೆ. ನೀವು ನಂಬುವುದಿಲ್ಲ, ಮಕ್ಕಳು ಬೈಬಲ್ ತಾಸಿಗೆ ಕಾಯುತ್ತಿದ್ದರು. ಕಳೆದುಹೋದ ಒಂದು ಕುರಿಗಾಗಿ ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಹೋದ ಕಥೆ ಹೇಳಿದಾಗ, ಕುರುಬರ ಧನಗರ ವಾಡಿಯಿಂದ ಬರುವ ಮಾಯವ್ವ ಎದ್ದು ನಿಂತಳು. ‘ಬಾಯೀ, ಉಳಿದ ಕುರಿ ಯಾರ ಹತ್ರ ಬಿಟ್ಟ ಹ್ವಾದ? ನಮ್ಮಪ್ಪ ಹಂಗ ಮಾಡಿದ್ರ ನಮ್ಮವ್ವ ಮನಿಯಾಗ ತಗೊಳ್ಳೂದಿಲ್ರಿ’ ಎಂದಳು. ಇಡೀ ತರಗತಿ ಅದರ ಮೇಲೆ ಜಗಳವಾಡಿತು. ಪಕ್ಕದ ಕೋಣೆಯಿಂದ ಸೋನವಣೆ ಸರ್ ಬಂದು, ಬೈಬಲ್ ತಾಸಿನಲ್ಲಿ ನಗು ಯಾಕೆ ಎಂದು ಗದರಿ ಹೋದರು. ನೀವೂ ಅವರೂ ಒಂದೇ ಅಚ್ಚಿನ ಇಟ್ಟಂಗಿಗಳು. ಹೆಂಗಸರು, ಮಕ್ಕಳು ನಕ್ಕರೆ ನಿಮ್ಮಿಬ್ಬರಿಗೂ ಏನೋ ಕಳೆದುಕೊಂಡ ಹಾಗಾಗುತ್ತದೆ.

ಗುಡ್ ಫ್ರೈಡೆಯ ಹಿಂದಿನ ದಿನ ಶಾಲೆಯಲ್ಲಿ ನಾಟಕ ಆಗಬೇಕಿತ್ತು. ಯೇಸು ಸಾಯುವ ಹಿಂದಿನ ಸಂಜೆ ಶಿಷ್ಯರೊಂದಿಗೆ ಊಟಕ್ಕೆ ಕೂತದ್ದು, ಪಾದ ತೊಳೆದದ್ದು. ಬರೆಯುವ ಕೆಲಸ ನನಗೇ ಬಂತು. ಆ ಅಧ್ಯಾಯವನ್ನು ಓದಿಯೇ ಬರೆಯಲು ಕೂತೆ. ಬರೆದದ್ದು ಮಾತ್ರ ಹೀಗೆ: ಶಿಷ್ಯರು ತಂಬಿಗೆ, ತಾಟು ತಂದರು. ಗುರುವಿನ ಪಾದ ತೊಳೆದರು. ಆ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರು.

ನಗಬೇಡಿ, ನಿಮ್ಮ ಕೈಯೂ ಹಾಗೇ ಬರೆಯುತ್ತಿತ್ತು. ಸಂಕೇಶ್ವರದ ನಮ್ಮ ಮನೆಗೆ ಅಯ್ಯನವರು ಬಂದಾಗಲೆಲ್ಲ ಹಿತ್ತಾಳೆಯ ತಾಟು ಹಿಡಿದು ನಿಂತವಳು ನಾನು. ಪಾದ ಎಂದರೆ ಗುರುವಿನದು, ಬಗ್ಗುವವರು ನಾವು, ಕುಡಿಯುವವರೂ ನಾವೇ. ಗುರುವೇ ಟವೆಲ್ ಕಟ್ಟಿಕೊಂಡು ಬಗ್ಗಿ ಮೀನುಗಾರರ ಪಾದ ತೊಳೆದ ಎಂದು ಕಣ್ಣು ಓದಿತ್ತು. ತಲೆ ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಇಡೀ ಕಥೆಯ ಜೀವವೇ ಅದು. ನಾನು ಅದನ್ನೇ ತಲೆಕೆಳಗು ಮಾಡಿದ್ದೆ.

ನಾನು ತಪ್ಪಿದೆ, ಸರಿ. ಆದರೆ ಸೋನವಣೆ ಸರ್? ತಾತನ ಕಾಲದಿಂದ ಕ್ರೈಸ್ತರು, ಪ್ರತಿ ರವಿವಾರ ಮೊದಲ ಸಾಲಿನಲ್ಲಿ ಕೂರುವವರು. ನಾಟಕ ಓದಿದರು, ಸಹಿ ಮಾಡಿದರು, ಮುಖ ಅರಳಿಸಿಕೊಂಡು ‘ಭಾಳ ಛಂದ ಬರದೀರಿ ಬಾಯಿ. ಯೇಸುನ ಪಾತ್ರಕ್ಕ ಹುಡುಗೂರು ಶೋಭಿಸೂದಿಲ್ಲ, ನಾನ ಕೂಡ್ತೇನಿ’ ಎಂದರು. ಆಫೀಸಿನ ಗಾದಿ ಕುರ್ಚಿ ವೇದಿಕೆಗೆ ಬಂತು. ಪ್ರತಿ ತಾಲೀಮಿನಲ್ಲೂ ಮಕ್ಕಳಿಂದ ಕಾಲು ತೊಳೆಸಿಕೊಂಡರು. ಕೊನೆಯ ತಾಲೀಮಿನ ಹೊತ್ತಿಗೆ ನೀರು ತಣ್ಣಗಿದೆ, ಕಾರ್ಯಕ್ರಮದ ದಿನ ಕಾಯಿಸಿ ತರ್ರಿ ಎಂದು ಹುಕುಂ ಆಯಿತು. ಕೊಲ್ಹಾಪುರಕ್ಕೆ ಹೋಗಿ ಯಾವುದೋ ಪಾರ್ಲರಿನಲ್ಲಿ ಹಿಮ್ಮಡಿ ಉಜ್ಜಿಸಿಕೊಂಡು ಬಂದರೆಂದು ಆಮೇಲೆ ತಿಳಿಯಿತು.

ಆ ದಿನ ಮುಖ್ಯ ಅತಿಥಿಯಾಗಿ ಕೊಲ್ಹಾಪುರದಿಂದ ನೂತನಬಾಯಿ ಬಂದಿದ್ದರು. ಜೀವನವಿಡೀ ಬೈಬಲ್ ಕಲಿಸಿ ನಿವೃತ್ತರಾದ ಮುದುಕಿ, ಕೈಯಲ್ಲಿ ಕೋಲು. ಸುತ್ತಲಿನ ಹಳ್ಳಿಗಳ ಪಾಲಕರಿಂದ ಅಂಗಳ ತುಂಬಿತ್ತು. ಮಕ್ಕಳು ಸರ್ ಅವರ ಪಾದ ತೊಳೆದರು, ತಲೆಗೆ ನೀರು ಚಿಮುಕಿಸಿಕೊಂಡರು. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮವರ ಪೈಕಿಯ ಒಬ್ಬ ಮುದುಕಿ ಎದ್ದರು. ಸೆರಗು ಹೊದ್ದು, ಬಲ ಅಂಗೈ ಕುಳಿ ಮಾಡಿ ಹಿಡಿದು, ತೀರ್ಥಕ್ಕೆ ಬಂದು ನಿಂತರು, ಕುಡಿದರು. ಗುರು ಕೂತಿದ್ದಾನೆ, ಪಾದ ತೊಳೆದಿದ್ದಾರೆ, ಮುಂದೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರ ಹಿಂದೆ ಇನ್ನೂ ನಾಲ್ಕಾರು ಹೆಂಗಸರು. ಸೋನವಣೆ ಸರ್ ಬೇಡವೆನ್ನಲಿಲ್ಲ! ಕಣ್ಣು ಅರೆ ಮುಚ್ಚಿ, ಕೈ ಎತ್ತಿ ಆಶೀರ್ವಾದ ಮಾಡುತ್ತ ಕೂತರು. ನಿಮ್ಮ ವಿಡಿಯೋ ಮುಗಿಯುವುದು ಇಲ್ಲಿಗೆ.

ನೂತನಬಾಯಿ ಕೋಲೂರಿ ಎದ್ದು ವೇದಿಕೆ ಹತ್ತಿದರು. ಇದು ಯಾವ ಸುವಾರ್ತೆಯಲ್ಲಿದೆ ಎಂದು ಮರಾಠಿಯಲ್ಲಿ ತಣ್ಣಗೆ ಕೇಳಿದರು. ನಮ್ಮ ಯೇಸುಸ್ವಾಮಿ ದಡಕ್ಕನೆ ಕುರ್ಚಿಯಿಂದ ಎದ್ದು ನನ್ನತ್ತ ಬೆರಳು ಮಾಡಿದರು. ‘ನಂದೇನ ಚುಕ ಇಲ್ರಿ, ತಪ್ಪೆಲ್ಲಾ ಈ ಲಿಂಗಾಯತ ಬಾಯೀದು’ ಎಂದರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ಹಾಗೆ. ಅಷ್ಟು ಜನರೆದುರು ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗಲೇ ನನಗೆ ನನ್ನ ತಪ್ಪು ಗೊತ್ತಾದದ್ದು.

ನೂತನಬಾಯಿ ಹೇಳಿದ್ದು ಇಷ್ಟೇ: ಈಕೆ ತನ್ನ ಮನೆಯಲ್ಲಿ ಕಂಡದ್ದನ್ನು ಬರೆದಳು, ಈಕೆಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು, ಆದರೂ ಕೂತಿರಿ. ಆಮೇಲೆ ನೂತನಬಾಯಿ ತಾಟಿನ ನೀರು ಚೆಲ್ಲಿಸಿ, ಉಳಿದ ಬಿಸಿನೀರು ತರಿಸಿದರು. ಎದುರಿಗೇ ನಿಂತಿದ್ದ ಆ ಮುದುಕಿಯನ್ನು ಗಾದಿ ಕುರ್ಚಿಯ ಮೇಲೆ ಕೂರಿಸಿ, ಕೋಲು ಬದಿಗಿಟ್ಟು, ನೋಯುವ ಮೊಣಕಾಲು ಮಡಚಿ ನೆಲಕ್ಕೆ ಕೂತು, ಅವರ ಪಾದ ಹಿಡಿದರು. ಮುದುಕಿ ಬೆಂಕಿ ತಾಗಿದಂತೆ ಕಾಲು ಎಳೆದುಕೊಂಡರು. ‘ಬ್ಯಾಡ್ರಿ ಬಾಯಾರ, ನನಗ ಪಾಪ ಹತ್ತತೈತಿ’ ಎಂದು ಕೈ ಮುಗಿದರು. ನೂತನಬಾಯಿ ಬಿಡಲಿಲ್ಲ. ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ಸಂದಿಯ ಮಣ್ಣು, ಎಲ್ಲವನ್ನೂ ನಿಧಾನವಾಗಿ ತೊಳೆದು ತಮ್ಮ ಸೆರಗಿನಿಂದ ಒರೆಸಿದರು. ಮುದುಕಿ ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದರು: ‘ಲಗ್ನಾದಾಗಿಂದ ಎಲ್ಲಾರ ಕಾಲಿಗೆ ನೀರ ಕೊಟ್ಟೇನವ್ವ. ನನ್ನ ಕಾಲಿಗೆ ಬಿಸಿನೀರ ಬಿದ್ದದ್ದ ಇವತ್ತ.’ ನಾನೂ ಅತ್ತೆ. ಇಷ್ಟು ದಿನ ಮಕ್ಕಳಿಗೆ ಹೇಳುತ್ತಿದ್ದ ಕಥೆ ನನಗೆ ತಿಳಿದದ್ದು ಆಗ.

ಇನ್ನು ನೌಕರಿಯ ಮಾತು. ಹೋಗಿಲ್ಲ. ಮರುವಾರ ಸೋನವಣೆ ಸರ್, ನಾನು ತಮಗೆ ಮಾಫಿ ಬರೆದುಕೊಡಬೇಕೆಂದು ಪಟ್ಟು ಹಿಡಿದರು. ಮಕ್ಕಳಿಗೆ ತಪ್ಪು ಕಲಿಸಿದ್ದಕ್ಕೆ ಮಕ್ಕಳ ಹತ್ತಿರ ಕ್ಷಮೆ ಕೇಳಿದ್ದೇನೆ, ನಿಮ್ಮ ಹತ್ತಿರ ಕೇಳುವಂಥದ್ದೇನೂ ಇಲ್ಲ ಎಂದು ಬರೆದುಕೊಟ್ಟೆ. ಬೈಬಲ್ ತಾಸು ಕಿತ್ತುಕೊಂಡರು. ಕನ್ನಡ ಇನ್ನೂ ನನ್ನ ಬಳಿಯೇ ಇದೆ. ಜೂನ್ ತಿಂಗಳಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಭಯ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಭಯವನ್ನು ನೋಡಿ ನೀವು ಬಾಗಿಲು ತೆರೆದಿಡಬೇಡಿ.

ಆ ಮನೆಯಲ್ಲಿ ನನಗಾಗಿ ಏನಿದೆ? ನಿಮ್ಮಪ್ಪ ಹಾಕಿಕೊಟ್ಟ ಮಗ್ಗಗಳನ್ನು ಕೂಲಿಯವರು ಓಡಿಸುತ್ತಾರೆ, ನೀವು ಚಹಾದಂಗಡಿಯಲ್ಲಿ ಕೂತು ದೇಶ ಓಡಿಸುತ್ತೀರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ನಾನು ಈ ಕೆಲಸಕ್ಕೆ ಅರ್ಜಿ ಹಾಕಿದ ದಿನ ‘ಅಕಿ ಧರ್ಮಾ ಬಿಟ್ಟಾಳ’ ಎಂದು ಓಣಿಗೆಲ್ಲ ಸಾರಿದಿರಿ, ನನ್ನ ಪೆಟ್ಟಿಗೆ ಹೊರಗಿಟ್ಟಿರಿ. ನಿಮ್ಮ ತಾಯಿ ಬಾಗಿಲಲ್ಲಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದರು. ನನ್ನ ಲಿಂಗ ಇವತ್ತಿಗೂ ನನ್ನ ಕೊರಳಲ್ಲೇ ಇದೆ, ನಿಲೇಶ ಅವರೇ. ನಿಮ್ಮದು ಕಪಾಟಿನ ಯಾವ ಮೂಲೆಯಲ್ಲಿದೆ ಎಂದು ನಿಮಗಿಂತ ನನಗೇ ಚೆನ್ನಾಗಿ ಗೊತ್ತು.

ಆದ್ದರಿಂದ ಬಸವ ಜಯಂತಿಗೂ ಬರುವುದಿಲ್ಲ, ಆಮೇಲೂ ಬರುವುದಿಲ್ಲ. ಹೆಣ್ಣು ಧಾರಾಳವಾಗಿ ನೋಡಿ. ಆದರೆ ಮೊದಲು ಕಾನೂನಿನ ಪ್ರಕಾರ ನನ್ನನ್ನು ಬಿಡಿ. ಸಹಿ ಹಾಕಲು ನಾನು ಸಿದ್ಧಳಿದ್ದೇನೆ. ಅಯ್ಯನವರನ್ನು ಕರೆಸಿದ್ದರೆ ವಾಪಸು ಕಳಿಸಬೇಡಿ, ನೀವೇ ಬಗ್ಗಿ ಪಾದ ತೊಳೆಯಿರಿ. ಸೊಂಟಕ್ಕೆ ಒಳ್ಳೆಯದು.

ಇಂತಿ,
ಯಾರ ಅಪ್ಪಣೆಗೂ ಕಾಯದ,
ಶೀತಲ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ವಿಡಿಯೋದಲ್ಲಿ ನೀವು ನೋಡಿ ನಕ್ಕ ಆ ಮುದುಕಿ ನಿಮ್ಮ ತಾಯಿ ಅಕ್ಕವ್ವ. ಸೆರಗು ಹಣೆಯ ಮೇಲಿತ್ತು, ನಿಮಗೆ ಗುರುತು ಹತ್ತಲಿಲ್ಲ. ಅವರ ತಮ್ಮನ ಮೊಮ್ಮಗಳು ನಮ್ಮ ಶಾಲೆಯಲ್ಲೇ ಇದ್ದಾಳೆ. ಅವಳ ನಾಟಕ ನೋಡಲು ನೂಲದಿಂದ ಬಂದಿದ್ದರು. ಅಂದು ನೂಲಕ್ಕೆ ಹೋಗಲಿಲ್ಲ, ನನ್ನ ಜೊತೆ ನನ್ನ ಕೋಣೆಗೆ ಬಂದರು. ಇಲ್ಲೇ ಇದ್ದಾರೆ. ನಿನ್ನೆ ನಿಮ್ಮ ಪತ್ರ ಓದಿ ಹೇಳು ಎಂದರು. ‘ಹುಚ್ಚು ಮುದುಕಿ’ ಎಂಬ ಸಾಲನ್ನು ಬಿಟ್ಟು ಓದಲು ಹೋದೆ, ತಡವರಿಸಿದೆ, ಅವರಿಗೆ ತಿಳಿಯಿತು. ಈಗ ನಾನು ಲಕೋಟೆಗೆ ಗೋಂದು ಹಚ್ಚುವಾಗ ಹತ್ತಿರ ಬಂದು ಕೂತು ಹೇಳಿದರು: ‘ನಾನೂ ಹೊಳ್ಳಿ ಬರೂದಿಲ್ಲಂತ ಅಷ್ಟ ಬರಿ ಅವಗ. ಸಿಟ್ಟಿಲೆ ಬರೀಬ್ಯಾಡವ್ವ, ನಮ್ಮ ಹುಡುಗ ಅಂವ.’ ಅಷ್ಟರಲ್ಲಿ ನಾನು ಸಿಟ್ಟಿನಿಂದ ಇಷ್ಟೆಲ್ಲ ಬರೆದು ಮುಗಿಸಿದ್ದೆ.